ಫೆಡರಲ್ ದುಡ್ಡೇ ಬೇಡ ಅಂದ ಟೆನೆಸ್ಸಿ ಸ್ಪೀಕರ್: ಬೇಡ ಅಂದ್ರೆ ಏನೇನು ಹೋಗುತ್ತೆ, ಏನೇನು ಉಳಿಯುತ್ತೆ?

ಬಯಲುಸೀಮೆ_ಭಟ್ಟ:
ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. 2023ರ ಫೆಬ್ರವರಿಯಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಸ್ಪೀಕರ್ ಕ್ಯಾಮರಾನ್ ಸೆಕ್ಸ್ಟನ್, ಶಾಲೆಗಳಿಗೆ ಫೆಡರಲ್ ಸರ್ಕಾರದಿಂದ (ಅಂದ್ರೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದಿಂದ) ಬರೋ ದುಡ್ಡನ್ನೇ ಬಿಟ್ಟುಬಿಡಬಹುದು ಅನ್ನೋ ಮಾತು ಎತ್ತಿದ್ರು. ಸುಮಾರು 180 ಕೋಟಿ ಡಾಲರ್. ಅಷ್ಟನ್ನ ರಾಜ್ಯದ ಬೊಕ್ಕಸದಿಂದಲೇ ತುಂಬಿಕೊಂಡ್ರೆ ವಾಷಿಂಗ್ಟನ್ನಿನ ಷರತ್ತುಗಳ ಕಾಟ ತಪ್ಪುತ್ತೆ ಅನ್ನೋದು ವಾದ. (ಅಲ್ಲಿ ಸ್ಪೀಕರ್ ಅಂದ್ರೆ ಪಕ್ಷ ಬದಿಗಿಟ್ಟು ಪೀಠದಲ್ಲಿ ಕೂತು ಗಂಟೆ ಬಾರಿಸೋರಲ್ಲ, ಆಳೋ ಪಕ್ಷದ ಯಜಮಾನರೇ.) ಆಮೇಲೆ ಎರಡೂ ಸದನ ಸೇರಿ ಒಂದು ಸಮಿತಿ ಆಯ್ತು, ನವೆಂಬರಲ್ಲಿ ವಿಚಾರಣೆ ನಡೀತು, 2024ರ ಜನವರಿಯಲ್ಲಿ ಒಮ್ಮತ ಆಗದೆ ಎರಡು ಸದನದವರೂ ಬೇರೆ ಬೇರೆ ವರದಿ ಕೊಟ್ಟು ಎದ್ದರು.

ಪಕ್ಷದ ಜಗಳ ಬೇಡ. ನನಗೆ ಬೇಕಿರೋದು ಕೆಲಸದ ಮಟ್ಟದ ಉತ್ತರ. ಬೇಡ ಅನ್ನೋಕೆ ಯಾವ ಕಾಗದಕ್ಕೆ ಸಹಿ ಹಾಕೋದು ನಿಲ್ಲಿಸಬೇಕು? ಷರತ್ತು ನಿಜಕ್ಕೂ ಬಿಡುತ್ತಾ? ಯಾರ ನೌಕರಿಗೆ ಸಂಚಕಾರ?

ಸುಮ್ನೆ_ಓದುಗ:
ಬೆಲ್ಲ ಬೇಡ, ಇರುವೆ ಇರಲಿ ಅಂದಂಗೆ ಆಗುತ್ತೆ ಅಷ್ಟೆ.

ಕಡತ_ಕಮಲ:
ಭಟ್ಟರೇ, ಮೊದಲು ಒಂದು ತಪ್ಪು ಕಲ್ಪನೆ ತೆಗೀಬೇಕು. 180 ಕೋಟಿ ಒಂದೇ ಗಂಟಲ್ಲ. ಬಡ ಮಕ್ಕಳು ಹೆಚ್ಚಿರೋ ಶಾಲೆಗಳಿಗೆ ಟೈಟಲ್ ಒನ್, ಅಂಗವಿಕಲ ಮಕ್ಕಳಿಗೆ ಐಡಿಇಎ, ಶಿಕ್ಷಕರ ತರಬೇತಿಗೆ ಟೈಟಲ್ ಟೂ, ಇಂಗ್ಲಿಷ್ ಕಲಿಯೋ ಮಕ್ಕಳಿಗೆ ಟೈಟಲ್ ತ್ರೀ, ವೃತ್ತಿ ಶಿಕ್ಷಣಕ್ಕೆ ಪರ್ಕಿನ್ಸ್. ಇವೆಲ್ಲ ಶಿಕ್ಷಣ ಇಲಾಖೆಯಿಂದ. ಮಧ್ಯಾಹ್ನದ ಊಟ, ಬೆಳಗಿನ ತಿಂಡಿ ಮಾತ್ರ ಕೃಷಿ ಇಲಾಖೆಯಿಂದ, ಅದರ ಕಾನೂನೇ ಬೇರೆ. ಒಂದೊಂದಕ್ಕೂ ಒಂದೊಂದು ಅರ್ಜಿ, ಷರತ್ತು ಪಾಲಿಸ್ತೀವಿ ಅನ್ನೋ ಒಂದೊಂದು ಭರವಸೆ ಪತ್ರ.

ದುಡ್ಡು ಹರಿಯೋ ರೀತಿ ಹೀಗೆ. ಜುಲೈ 1ಕ್ಕೆ ಒಂದು ಕಂತು, ದೊಡ್ಡ ಕಂತು ಅಕ್ಟೋಬರ್ 1ಕ್ಕೆ ಬಿಡುಗಡೆ. ಬಿಡುಗಡೆ ಅಂದ್ರೆ ಚೆಕ್ ಬಂತು ಅಂತಲ್ಲ. ಶಾಲಾ ಜಿಲ್ಲೆಯವರು (ಅಲ್ಲಿ ಜಿಲ್ಲೆ ಅಂದ್ರೆ ಶಾಲೆಗಳನ್ನ ನಡೆಸೋ ಸ್ಥಳೀಯ ಆಡಳಿತ) ಮೊದಲು ತಮ್ಮ ಕೈಯಿಂದ ಸಂಬಳ ಕೊಡ್ತಾರೆ, ಆಮೇಲೆ ರಾಜ್ಯದ ಇ-ಪ್ಲಾನ್ ಅನ್ನೋ ವ್ಯವಸ್ಥೆಯಲ್ಲಿ ಖರ್ಚು ತೋರಿಸಿ ಮರುಪಾವತಿ ಕೇಳ್ತಾರೆ, ರಾಜ್ಯ ಅದನ್ನ ವಾಷಿಂಗ್ಟನ್ನಿಂದ ಎಳೆದು ಕೊಡುತ್ತೆ. ಆ ವರ್ಷ ಮುಗಿಯದ ದುಡ್ಡಿಗೆ ಒಟ್ಟು 27 ತಿಂಗಳ ಕಾಲಾವಕಾಶ ಇರುತ್ತೆ, ಆದರೆ ಟೈಟಲ್ ಒನ್‌ನಲ್ಲಿ ಶೇ. 15ಕ್ಕಿಂತ ಜಾಸ್ತಿ ಮುಂದಕ್ಕೆ ಒಯ್ಯೋ ಹಾಗಿಲ್ಲ.

ಹಾಗಾಗಿ ಬೇಡ ಅನ್ನೋಕೆ ಎರಡು ದಾರಿ. ಒಂದು, ರಾಜ್ಯದ ಶಿಕ್ಷಣ ಇಲಾಖೆ ಯೋಜನಾ ಅರ್ಜಿ, ಭರವಸೆ ಪತ್ರ ಕಳಿಸದೇ ಇರೋದು. ಇನ್ನೊಂದು, ಶಾಸಕಾಂಗವೇ ಬಜೆಟ್ ಮಸೂದೆಯಲ್ಲಿ ಆ ಫೆಡರಲ್ ಬಾಬ್ತನ್ನ ಮಂಜೂರು ಮಾಡದೇ ಬಿಡೋದು. ಫೆಡರಲ್ ದುಡ್ಡಾದ್ರೂ ರಾಜ್ಯದ ಬಜೆಟ್ ಪುಸ್ತಕದಲ್ಲಿ ಸಾಲು ಇಲ್ಲದೆ ಖರ್ಚು ಮಾಡೋ ಹಾಗಿಲ್ಲ. ಸ್ಪೀಕರ್ ಕೈಯಲ್ಲಿರೋ ಕೀಲಿ ಇದೇ.

ಹುಬ್ಬಳ್ಳಿ_ಹುರಿಗಾಳು:
ಹಂಗಾದ್ರ ಬೇಡ ಅನ್ನೂ ಹಕ್ಕು ಐತಿ ಅಂತಾತಲ್ರೀ. ಎಲ್ಲಾರೂ ಸೆಕ್ಸ್ಟನ್ ಮ್ಯಾಲೆ ಬೀಳ್ತೀರಿ, ಅವರ ಕಡೆ ನ್ಯಾಯಾನೂ ಒಂಚೂರು ನೋಡ್ರಿ. ಐಡಿಇಎ ಕಾನೂನು 1975ರಾಗ ಬಂದಾಗ, ವಿಶೇಷ ಶಿಕ್ಷಣದ ಹೆಚ್ಚುವರಿ ಖರ್ಚಿಗೆ ಸರಾಸರಿ ಮಗುವಿನ ಖರ್ಚಿನ ಶೇ. 40ರ ತನಕ ನಾವು ಕೊಡ್ತೀವಿ ಅಂದಿತ್ತು ಅಲ್ಲಿನ ಸಂಸತ್ತು. ಈಗ ಕೊಡೂದು ಶೇ. 15ರ ಒಳಗ. ದುಡ್ಡು ಹೇಳಿದ್ದರ ಅರ್ಧಾನೂ ಇಲ್ಲ, ಕಾಗದ ಮಾತ್ರ ಪೂರಾ. ಟೈಟಲ್ ಒನ್ ದುಡ್ಡಿನಿಂದ ಪಗಾರ ತಗೊಳ್ಳೂ ಪ್ರತಿಯೊಬ್ಬ ನೌಕರ ಇದೇ ಕೆಲಸಾ ಮಾಡೀನಿ ಅಂತ ಲೆಕ್ಕ ಇಡಬೇಕು. ಅರ್ಧ ದಿನ ಟೈಟಲ್ ಒನ್, ಅರ್ಧ ದಿನ ಬ್ಯಾರೆ ಬಾಬ್ತು ಇದ್ರ ಯಾವುದಕ್ಕ ಎಷ್ಟು ಹೊತ್ತು ಅನ್ನೂ ಹಂಚಿಕಿ ತೋರಸಬೇಕು. ಆ ಹಾಳಿ ಸಿಗಲಿಲ್ಲಂದ್ರ ಆಡಿಟ್ಟಿನಾಗ ಇಡೀ ಪಗಾರ ವಾಪಸ್ ಕೇಳ್ತಾರ. ಸಣ್ಣ ಜಿಲ್ಲಾದಾಗ ಇದಕ್ಕಂತನ ಒಬ್ಬರು ಕುಂತಿರ್ತಾರ.

ಕಡತ_ಕಮಲ:
@ಹುಬ್ಬಳ್ಳಿ_ಹುರಿಗಾಳು ಕಾಗದದ ಹೊರೆ ಖರೆ, ಅಲ್ಲಗಳೆಯಲ್ಲ. ಆದರೆ ರಾಜ್ಯದ ಇಲಾಖೆಯೊಳಗೆ ಆ ಕಾಗದ ನೋಡೋ ಹುದ್ದೆಗಳಿಗೂ ಸಂಬಳ ಅದೇ ದುಡ್ಡಿಂದಲೇ. ಟೈಟಲ್ ಒನ್ ಮೊತ್ತದಲ್ಲಿ ಸುಮಾರು ಶೇ. 1 ಆಡಳಿತಕ್ಕೆ ಅಂತ ರಾಜ್ಯ ಇಟ್ಟುಕೊಳ್ಳಬಹುದು, ಹಿಂದುಳಿದ ಶಾಲೆಗಳ ಸುಧಾರಣೆಗೆ ಶೇ. 7 ತೆಗೆದಿಡಬೇಕು. ಭಟ್ಟರ ಮೂರನೇ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರು. ತರಗತಿ ಶಿಕ್ಷಕರ ಸಂಬಳ ಬಹುಪಾಲು ರಾಜ್ಯ ಮತ್ತು ಸ್ಥಳೀಯ ದುಡ್ಡಿಂದ. ಫೆಡರಲ್ ದುಡ್ಡಲ್ಲಿ ಇರೋದು ಓದು, ಗಣಿತದಲ್ಲಿ ಹಿಂದುಳಿದವರಿಗೆ ಪ್ರತ್ಯೇಕ ಪಾಠ ಮಾಡೋರು, ವಿಶೇಷ ಶಿಕ್ಷಣದ ಸಹಾಯಕಿಯರು, ಮಾತಿನ ಚಿಕಿತ್ಸಕರು, ಊಟದ ಮನೆಯವರು. ಕಡಿಮೆ ಸಂಬಳದ ಹುದ್ದೆಗಳೇ ಜಾಸ್ತಿ.

ಪಾಯಿಂಟ್_ಆಫ್_ಆರ್ಡರ್:
ಷರತ್ತಿನ ವಿಷಯ. ಇದಕ್ಕೆ ಹಳೇ ಉದಾಹರಣೆ ಇದೆ, ಯಾರೂ ನೆನಪು ಮಾಡ್ಕೊಳ್ಳಲ್ಲ. 1975ರ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆಯ (ಈಗಿನ ಐಡಿಇಎ) ದುಡ್ಡು ಬೇಡ ಅಂತ ನ್ಯೂ ಮೆಕ್ಸಿಕೋ ಒಂದೇ ರಾಜ್ಯ ವರ್ಷಗಟ್ಟಲೆ ಹೊರಗಿತ್ತು. ಪೋಷಕರ ಸಂಘ ಕೋರ್ಟಿಗೆ ಹೋಯ್ತು. 1982ರಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಏನು ಅಂತು? ನೀವು ಈ ದುಡ್ಡು ತಗೊಂಡಿಲ್ಲ ಸರಿ, ಬೇರೆ ಫೆಡರಲ್ ದುಡ್ಡು ತಗೊಳ್ತಿದ್ದೀರಲ್ಲ, ಹಾಗಾಗಿ ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅನ್ನೋ 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504 ನಿಮಗೆ ಅನ್ವಯ ಆಗೇ ಆಗುತ್ತೆ. ಸ್ವಲ್ಪ ವರ್ಷಕ್ಕೆ ಆ ರಾಜ್ಯನೂ ದುಡ್ಡು ತಗೊಳ್ಳೋಕೆ ಶುರು ಮಾಡ್ತು. ಹೊಣೆ ಹೇಗೂ ತಲೆ ಮೇಲಿದೆ, ದುಡ್ಡಾದ್ರೂ ಬರಲಿ ಅಂತ.

ಪದರ ಪದರವಾಗಿ ನೋಡಿ. ಐಡಿಇಎ ದುಡ್ಡು ಬಿಟ್ಟರೆ ಐಡಿಇಎ ಷರತ್ತು ಹೋಗುತ್ತೆ, ಅಂದ್ರೆ 60 ದಿನದೊಳಗೆ ಮೌಲ್ಯಮಾಪನ, ವೈಯಕ್ತಿಕ ಶಿಕ್ಷಣ ಯೋಜನೆ, ಪೋಷಕರ ದೂರಿಗೆ ಇರೋ ಕಾಲಮಿತಿ ಇವೆಲ್ಲ. ಆದರೆ 504 ತಪ್ಪಬೇಕಾದ್ರೆ ಊಟದ ದುಡ್ಡೂ ಸೇರಿ ಒಂದು ಡಾಲರ್ ಫೆಡರಲ್ ಹಣವೂ ಇರಬಾರದು. 1988ರ ತಿದ್ದುಪಡಿ ಆದಮೇಲೆ ಶಾಲಾ ಜಿಲ್ಲೆಯ ಯಾವುದೋ ಒಂದು ಮೂಲೆಗೆ ದುಡ್ಡು ಬಂದ್ರೂ ಇಡೀ ಜಿಲ್ಲೆಗೆ ಷರತ್ತು. ಸರಿ, ಊಟದ್ದನ್ನೂ ಬಿಟ್ಟರು ಅಂತಿಟ್ಕೊಳ್ಳಿ. ಆಗಲೂ ಅಂಗವಿಕಲರ ಹಕ್ಕಿನ 1990ರ ಎಡಿಎ ಕಾಯ್ದೆಯ ಎರಡನೇ ಭಾಗ ಉಳಿದೇ ಇರುತ್ತೆ, ಅದಕ್ಕೂ ದುಡ್ಡಿಗೂ ಸಂಬಂಧವೇ ಇಲ್ಲ, ಸರ್ಕಾರಿ ಸಂಸ್ಥೆ ಆಗಿದ್ರೆ ಸಾಕು. ಸಾಲದು ಅಂತ ಟೆನೆಸ್ಸಿಯದ್ದೇ ವಿಶೇಷ ಶಿಕ್ಷಣದ ಕಾನೂನಿದೆ.

ಸುಮ್ನೆ_ಓದುಗ:
ನಾನು ಹೇಳಿದ ಇರುವೆ ಇದೇ.

ಅಡುಗೆಮನೆ_ಲೆಕ್ಕ:
ಎಲ್ಲರೂ ಟೈಟಲ್ ಒನ್ ಹಿಡ್ಕೊಂಡು ಕೂತಿದ್ದೀರಿ ಮಾರಾಯ್ರೆ, ನಿಜವಾಗಿ ಕೈ ಸುಡೋದು ಊಟದಲ್ಲಿ. ಕುಟುಂಬದ ಆದಾಯ ಬಡತನ ರೇಖೆಯ ಶೇ. 130ರ ಒಳಗಿದ್ರೆ ಮಗುವಿಗೆ ಉಚಿತ, 185ರ ಒಳಗಿದ್ರೆ ರಿಯಾಯಿತಿ. ರಿಯಾಯಿತಿ ಊಟಕ್ಕೆ ಮಗುವಿನ ಕೈಯಿಂದ 40 ಸೆಂಟ್‌ಗಿಂತ ಹೆಚ್ಚು, ತಿಂಡಿಗೆ 30 ಸೆಂಟ್‌ಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಒಂದು ಉಚಿತ ಊಟಕ್ಕೆ ಶಾಲೆಗೆ ಸಿಗೋ ಮರುಪಾವತಿ ನಾಲ್ಕು ಡಾಲರ್‌ಗೂ ಮೇಲೆ. ದುಡ್ಡಿನ ಜೊತೆಗೆ ಕೃಷಿ ಇಲಾಖೆ ಖರೀದಿ ಮಾಡಿದ ಚೀಸು, ಕೋಳಿ, ಡಬ್ಬಿಯ ಹಣ್ಣು ಸಾಮಾನಾಗಿ ಬರುತ್ತೆ. ತಟ್ಟೆಯಲ್ಲಿರೋ ಆಹಾರದ ಬೆಲೆಯಲ್ಲಿ ಹೆಚ್ಚುಕಮ್ಮಿ ಶೇ. 15ರಿಂದ 20 ಅದೇ. ರಾಜ್ಯ 180 ಕೋಟಿ ನಗದು ತುಂಬಿಬಿಟ್ಟರೂ ಇಡೀ ದೇಶಕ್ಕೆ ಒಟ್ಟಿಗೆ ಖರೀದಿ ಮಾಡೋ ಆ ದರ ಒಂದೇ ರಾಜ್ಯಕ್ಕೆ ಸಿಗಲ್ಲ.

ಷರತ್ತು ಕಿರಿಕಿರಿ ಅನ್ನೋದೂ ಇಲ್ಲೇ ಕಣ್ಣಿಗೆ ಕಾಣೋದು. ಊಟದಲ್ಲಿ ಐದು ಬಗೆ ಇಡಬೇಕು: ಹಣ್ಣು, ತರಕಾರಿ, ಧಾನ್ಯ, ಮಾಂಸ ಅಥವಾ ಅದರ ಬದಲಿ, ಹಾಲು. ಮಗು ಕನಿಷ್ಠ ಮೂರು ತಗೋಬೇಕು, ಅದರಲ್ಲಿ ಅರ್ಧ ಕಪ್ ಹಣ್ಣೋ ತರಕಾರಿಯೋ ಇರಲೇಬೇಕು. ಸಾಲಿನ ಕೊನೆಯಲ್ಲಿ ಕೂತಾಕೆ ತಟ್ಟೆ ನೋಡಿ ಬಟನ್ ಒತ್ತಬೇಕು. ಪಿಜ್ಜಾ, ಹಾಲು ಮಾತ್ರ ಇದ್ದರೆ ಆ ಊಟ ಲೆಕ್ಕಕ್ಕಿಲ್ಲ, ಮಗುವನ್ನ ವಾಪಸ್ ಕಳಿಸಿ ಒಂದು ಸೇಬು ಇಡಿಸಬೇಕು. ಆ ಸೇಬು ಅಲ್ಲಿಂದ ಸೀದಾ ಕಸದ ಬುಟ್ಟಿಗೆ ಹೋದ್ರೂ ಲೆಕ್ಕ ಸರಿ!

ಹುಬ್ಬಳ್ಳಿ_ಹುರಿಗಾಳು:
ಈ ಸೇಬಿನ ಸಲುವಾಗೇ ಸೆಕ್ಸ್ಟನ್ ಗೆದ್ರು ನೋಡ್ರಿ ನನ್ನ ಕಡಿಂದ 😀

ಮಂಡ್ಯ_ಮಾಸ್ತರ್:
ನಮ್ಮಲ್ಲೂ ಇದೇ ಕತೆ ಅಲ್ವಾ. ಸಮಗ್ರ ಶಿಕ್ಷಣದಲ್ಲಿ ಕೇಂದ್ರ 60, ರಾಜ್ಯ 40. ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕಲಿಲ್ಲ ಅಂತ ತಮಿಳುನಾಡಿಗೆ 2,152 ಕೋಟಿ ರೂಪಾಯಿ ತಡೆಹಿಡಿದ್ರು. ದುಡ್ಡು ಕೊಡೋನು ತಾಳ ಹಾಕ್ತಾನೆ, ತಗೊಳ್ಳೋನು ಕುಣೀಬೇಕು.

ಪಾಯಿಂಟ್_ಆಫ್_ಆರ್ಡರ್:
ಮಾಸ್ತರೇ, ಅದು ಉಲ್ಟಾ ಕೇಸು. ತಮಿಳುನಾಡು ದುಡ್ಡು ಕೊಡಿ, ಷರತ್ತು ಬೇಡ ಅಂತು. ಟೆನೆಸ್ಸಿಯವರು ದುಡ್ಡೂ ಬೇಡ, ಷರತ್ತೂ ಬೇಡ ಅಂತಿದ್ರು. ಅದಕ್ಕೆ ಬೇರೆ ಎಳೆ ತೆಗೀರಿ, ಇಲ್ಲಿ ಶುರುವಾದ್ರೆ 15ನೇ ಹಣಕಾಸು ಆಯೋಗದ ತನಕ ಹೋಗಿಬಿಡುತ್ತೆ.

ಮಂಡ್ಯ_ಮಾಸ್ತರ್:
ಆಯ್ತು ಸ್ವಾಮಿ, ಸುಮ್ನಾದೆ.

ಬಯಲುಸೀಮೆ_ಭಟ್ಟ:
ಪರೀಕ್ಷೆ ಕಾಟ ತಪ್ಪಿಸೋಕೆ ಇದೆಲ್ಲ ಅಂತ ಕೆಲವರು ವಾದ ಮಾಡ್ತಿದ್ರಲ್ಲ? 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಪರೀಕ್ಷೆ ಫೆಡರಲ್ ಷರತ್ತೇ ತಾನೇ?

ಕಡತ_ಕಮಲ:
ಹೌದು. 2015ರ ಕಾಯ್ದೆ ಪ್ರಕಾರ ಓದು ಮತ್ತು ಗಣಿತ 3ರಿಂದ 8ರವರೆಗೆ ಪ್ರತಿ ವರ್ಷ, ಹೈಸ್ಕೂಲಲ್ಲಿ ಒಂದು ಸಲ. ವಿಜ್ಞಾನ ಮೂರು ಹಂತದಲ್ಲಿ ಒಂದೊಂದು ಸಲ. ಟೆನೆಸ್ಸಿಯಲ್ಲಿ ಇದಕ್ಕೆ ಟಿಕ್ಯಾಪ್ ಅಂತಾರೆ. ತಮಾಷೆ ಏನಂದ್ರೆ ಅದನ್ನ ಅತಿ ಹೆಚ್ಚು ಬಳಸ್ತಿರೋದೇ ರಾಜ್ಯದ ಸ್ವಂತ ಕಾನೂನುಗಳು. 3ನೇ ತರಗತಿಯಲ್ಲಿ ಓದು ಬರದಿದ್ರೆ ಅದೇ ತರಗತಿಯಲ್ಲಿ ಉಳಿಸೋದು 2021ರಲ್ಲಿ ಇದೇ ಶಾಸಕಾಂಗ ಮಾಡಿದ ಕಾನೂನು, ಅಳತೆಗೋಲು ಟಿಕ್ಯಾಪ್. ಶಾಲೆಗಳಿಗೆ ಎ ಇಂದ ಎಫ್ ತನಕ ದರ್ಜೆ ಕೊಡೋದು ರಾಜ್ಯದ್ದೇ ಕಾನೂನು, ಅದಕ್ಕೂ ಟಿಕ್ಯಾಪ್ ಅಂಕಗಳೇ ಬೇಕು. ಮೊದಲ ದರ್ಜೆಪಟ್ಟಿ ಬಂದಿದ್ದು 2023ರ ಡಿಸೆಂಬರಲ್ಲಿ, ಸಮಿತಿಯ ವಿಚಾರಣೆ ಮುಗಿದ ಮರುತಿಂಗಳು! ಫೆಡರಲ್ ದುಡ್ಡು ಬಿಟ್ಟ ಮಾತ್ರಕ್ಕೆ ಪರೀಕ್ಷೆ ನಿಲ್ಲಬೇಕಾದ್ರೆ ತಾವೇ ಮಾಡಿದ ಎರಡು ಕಾನೂನು ತಾವೇ ಹರೀಬೇಕು.

ಹುಬ್ಬಳ್ಳಿ_ಹುರಿಗಾಳು:
ಇದು ಪಾಯಿಂಟು. ಒಪ್ಪಿದೆ.

ಲೆಕ್ಕದ_ಪುಸ್ತಕ:
ಬೊಕ್ಕಸದ ಕಡೆ ನೋಡೋಣ. ಟೆನೆಸ್ಸಿಯಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಬಡ್ಡಿ, ಡಿವಿಡೆಂಡ್ ಮೇಲಿದ್ದ ಹಾಲ್ ತೆರಿಗೆಯೂ 2021ರ ಜನವರಿ 1ಕ್ಕೆ ಹೋಯ್ತು. ಉಳಿದಿದ್ದು ಮುಖ್ಯವಾಗಿ ಮಾರಾಟ ತೆರಿಗೆ: ರಾಜ್ಯಕ್ಕೆ ಶೇ. 7, ಸ್ಥಳೀಯರಿಗೆ ಮೇಲೆ ಶೇ. 2.75ರ ತನಕ, ದಿನಸಿಗೆ ಶೇ. 4. ಜನ ಖರ್ಚು ಕಡಿಮೆ ಮಾಡಿದ ವರ್ಷ ಮಾರಾಟ ತೆರಿಗೆ ಸೀದಾ ಕೆಳಗೆ. ಬಡತನ ಹೆಚ್ಚಾಗಿ ಉಚಿತ ಊಟದ ಮಕ್ಕಳು ಜಾಸ್ತಿ ಆಗೋದೂ ಅದೇ ವರ್ಷ. ಫೆಡರಲ್ ಊಟದ ದುಡ್ಡು ತಟ್ಟೆ ಲೆಕ್ಕದಲ್ಲಿ ತಾನಾಗೇ ಏರುತ್ತೆ, ರಾಜ್ಯದ ಬಜೆಟ್ ಏರಲ್ಲ. ಮೇಲಾಗಿ ಸಾಲ ಮಾಡಿ ದಿನದ ಖರ್ಚು ತೂಗಿಸೋಕೆ ರಾಜ್ಯಕ್ಕೆ ಅವಕಾಶ ಇಲ್ಲ, ಬಜೆಟ್ ಸರಿದೂಗಲೇಬೇಕು.

ಇನ್ನು ಆ ಕಾಲಕ್ಕೆ ಬೊಕ್ಕಸದಲ್ಲಿದ್ದ ಹೆಚ್ಚುವರಿ ಹಣದ ಗತಿ. 2024ರಲ್ಲಿ ಕಂಪನಿಗಳ ಫ್ರಾಂಚೈಸ್ ತೆರಿಗೆಯಲ್ಲಿದ್ದ ಆಸ್ತಿ ಆಧಾರದ ಲೆಕ್ಕ ಕೋರ್ಟಲ್ಲಿ ನಿಲ್ಲದೇ ಇರಬಹುದು ಅಂತ ಹೆದರಿ ಅದನ್ನ ತೆಗೆದ್ರು. ಹಳೇ ವರ್ಷಗಳ ಮರುಪಾವತಿಗೆ ಸುಮಾರು 150 ಕೋಟಿ ಡಾಲರ್ ತೆಗೆದಿಟ್ಟರು, ಮುಂದೆ ಪ್ರತಿ ವರ್ಷ ಸುಮಾರು 40 ಕೋಟಿ ಖೋತಾ. ಅಂದ್ರೆ ಶಾಲೆಗೆ ತುಂಬ್ತೀವಿ ಅಂದದ್ದಕ್ಕೆ ಹತ್ತಿರ ಹತ್ತಿರದ ಗಂಟು ಅದರ ಮುಂದಿನ ವರ್ಷವೇ ಬೇರೆ ಕಡೆ ಹೋಯ್ತು. ಶಾಲೆ ಖರ್ಚು ಒಂದು ವರ್ಷದ್ದಲ್ಲ, ಪ್ರತಿ ಜುಲೈಗೂ ಬೇಕು.

ಕರಾವಳಿ_ಕಪ್ಪೆಚಿಪ್ಪು:
ಬೇಡ ಅಂದ ದುಡ್ಡು ಎಲ್ಲಿ ಹೋಗ್ತದೆ? ತೆರಿಗೆ ಕಟ್ಟಿದವರಿಗೆ ವಾಪಸ್ ಉಂಟಾ?

ಲೆಕ್ಕದ_ಪುಸ್ತಕ:
ಇಲ್ಲ. ಟೆನೆಸ್ಸಿಯವರು ಫೆಡರಲ್ ಆದಾಯ ತೆರಿಗೆ ಅಷ್ಟೇ ಕಟ್ತಾರೆ, ಅದರ ಮೇಲೆ ರಾಜ್ಯದ 180 ಕೋಟಿಯನ್ನೂ ಹೊರ್ತಾರೆ.

ಪಾಯಿಂಟ್_ಆಫ್_ಆರ್ಡರ್:
ಇನ್ನೊಂದು ತೊಡಕು. ಎಲ್ಲ ಫೆಡರಲ್ ದುಡ್ಡೂ ರಾಜ್ಯದ ಕೈ ಮೂಲಕ ಬರಲ್ಲ. ಸೇನಾ ನೆಲೆ ಇರೋ ಕಡೆ ತೆರಿಗೆ ಬರದ ಜಮೀನಿಗೆ ಪರಿಹಾರವಾಗಿ ಇಂಪ್ಯಾಕ್ಟ್ ಏಡ್ ಸೀದಾ ಜಿಲ್ಲೆಗೆ ಹೋಗುತ್ತೆ. ಫೋರ್ಟ್ ಕ್ಯಾಂಪ್‌ಬೆಲ್ ಪಕ್ಕದ ಕ್ಲಾರ್ಕ್ಸ್‌ವಿಲ್ ಕಡೆ ಸೇನೆಯವರ ಮಕ್ಕಳು ಎಷ್ಟಿದ್ದಾರೆ ನೋಡಿ. ಪುಟ್ಟ ಮಕ್ಕಳ ಹೆಡ್ ಸ್ಟಾರ್ಟ್ ಸೀದಾ ಅದನ್ನ ನಡೆಸೋ ಸಂಸ್ಥೆಗೆ. ಶಾಲೆ ಇಂಟರ್ನೆಟ್ಟಿಗೆ ಶೇ. 20ರಿಂದ 90 ರಿಯಾಯಿತಿ ಕೊಡೋ ಇ-ರೇಟ್ ದುಡ್ಡು ಜನರ ಫೋನ್ ಬಿಲ್ಲಿನ ಶುಲ್ಕದಿಂದ ಬರುತ್ತೆ. ಬಜೆಟ್ ಸಾಲು ತೆಗೆದ್ರೂ ಇವು ನಿಲ್ಲಲ್ಲ. ಇಂಪ್ಯಾಕ್ಟ್ ಏಡ್‌ನಂಥ ದುಡ್ಡು ಒಂದು ಜಿಲ್ಲೆಗೆ ಬರ್ತಾ ಇದ್ರೂ ಆ ಜಿಲ್ಲೆಗೆ 504 ಅಂಟಿಕೊಂಡೇ ಇರುತ್ತೆ.

ನ್ಯಾಶ್‌ವಿಲ್_ನೀರೆ:
ಟೆನೆಸ್ಸಿಯಲ್ಲಿರೋ ಕನ್ನಡದ ಮನೆಗಳಿಗೆ ಸಂಬಂಧಪಟ್ಟ ಒಂದು ವಿಷಯ, ಯಾರೂ ಎತ್ತಲಿಲ್ಲ. ಮಗುವನ್ನ ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಒಂದು ಫಾರಂ ಕೊಡ್ತಾರೆ. ಕನ್ನಡ ಅಂತ ಬರೆದ್ರೆ ಇಂಗ್ಲಿಷ್ ಮಟ್ಟ ನೋಡೋಕೆ ಮಗುವಿಗೆ ಒಂದು ತಪಾಸಣೆ ಪರೀಕ್ಷೆ. ಅದರಲ್ಲಿ ಅಂಕ ಸಾಲದಿದ್ರೆ ಇಂಗ್ಲಿಷ್ ಕಲಿಯುವವರ ಪಟ್ಟಿಗೆ, ಆಮೇಲೆ ವರ್ಷಕ್ಕೊಂದು ಇಂಗ್ಲಿಷ್ ಮಟ್ಟದ ಪರೀಕ್ಷೆ. ಪಟ್ಟಿಗೆ ಬೀಳ್ತಾರೆ ಅಂತ ಹೆದರಿ ಎಷ್ಟೋ ಜನ ಇಂಗ್ಲಿಷ್ ಅಂತಲೇ ಬರೀತಾರೆ, ಆಮೇಲೆ ಮಗುವಿಗೆ ಸಹಾಯ ಬೇಕಾದಾಗ ಸಿಗಲ್ಲ. ಫೆಡರಲ್ ದುಡ್ಡು ಹೋದ್ರೆ ಇದು ನಿಲ್ಲುತ್ತಾ?

ಪಾಯಿಂಟ್_ಆಫ್_ಆರ್ಡರ್:
@ನ್ಯಾಶ್‌ವಿಲ್_ನೀರೆ ಪೂರ್ತಿ ನಿಲ್ಲಲ್ಲ ಮೇಡಂ. ಟೈಟಲ್ ತ್ರೀ ದುಡ್ಡು ಹೆಚ್ಚುವರಿ ಸಹಾಯಕ್ಕೆ ಮಾತ್ರ, ಮೂಲ ಹೊಣೆ ಬೇರೆ ಕಡೆಯಿಂದ ಬಂದಿದೆ. ಇಂಗ್ಲಿಷ್ ಬರದ ಮಕ್ಕಳಿಗೆ ಶಾಲೆ ನೆರವು ಕೊಡಬೇಕು ಅಂದ 1974ರ ಲಾ ವರ್ಸಸ್ ನಿಕೋಲ್ಸ್ ತೀರ್ಪು ಫೆಡರಲ್ ಹಣ ಪಡೆಯೋರಿಗೆ ಅನ್ವಯ, ನಿಜ. ಆದರೆ ಅದೇ ವರ್ಷ ಬಂದ ಸಮಾನ ಶಿಕ್ಷಣ ಅವಕಾಶ ಕಾಯ್ದೆ ಭಾಷೆಯ ಅಡ್ಡಿ ನಿವಾರಿಸೋಕೆ ತಕ್ಕ ಕ್ರಮ ತಗೋಬೇಕು ಅನ್ನುತ್ತೆ, ಅದಕ್ಕೆ ದುಡ್ಡಿನ ಗಂಟಿಲ್ಲ. ಹೋಗೋದು ಹೆಚ್ಚುವರಿ ಸಿಬ್ಬಂದಿ, ತರಬೇತಿ, ಪೋಷಕರ ಜೊತೆ ಕೆಲಸ ಮಾಡೋರು. ಫಾರಮ್ಮಲ್ಲಿ ಮನೆಮಾತು ಸುಳ್ಳು ಬರೀಬೇಡಿ ಅಂತ ಎಲ್ಲರಿಗೂ ಹೇಳಿ.

ಕರಾವಳಿ_ಕಪ್ಪೆಚಿಪ್ಪು:
ಈ ಹಿಂದೆ ಟೆನೆಸ್ಸಿ ಬೇರೆ ಯಾವುದಾದ್ರೂ ದುಡ್ಡು ನಿಜವಾಗಿ ಬೇಡ ಅಂದದ್ದು ಉಂಟಾ, ಅಥವಾ ಬರೀ ಮಾತಾ?

ಲೆಕ್ಕದ_ಪುಸ್ತಕ:
ಉಂಟು ಉಂಟು. 2015ರ ಫೆಬ್ರವರಿಯಲ್ಲಿ ರಿಪಬ್ಲಿಕನ್ ಗವರ್ನರ್ ಬಿಲ್ ಹ್ಯಾಸ್ಲಮ್ ಅವರೇ ತಂದ ಇನ್ಶೂರ್ ಟೆನೆಸ್ಸಿ ಅನ್ನೋ ಆರೋಗ್ಯ ವಿಮೆ ಯೋಜನೆಯನ್ನ ಸೆನೆಟ್ಟಿನ ಒಂದು ಸಮಿತಿ 7-4ರಲ್ಲಿ ಕೊಂದು ಹಾಕ್ತು. ರಾಜ್ಯದ ಪಾಲು ಆಸ್ಪತ್ರೆಗಳೇ ಕಟ್ತೀವಿ ಅಂದಿದ್ರೂ! ಇಂಥ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತರಣೆಗೆ ಗವರ್ನರ್ ಒಬ್ಬರೇ ಒಪ್ಪೋ ಹಾಗಿಲ್ಲ, ಶಾಸಕಾಂಗದ ಒಪ್ಪಿಗೆ ಬೇಕು ಅಂತ 2014ರಲ್ಲೇ ಕಾನೂನು ಮಾಡಿ ಇಟ್ಟಿದ್ರು. 2023ರ ಜನವರಿಯಲ್ಲಿ ಎಚ್‌ಐವಿ ತಡೆಯ ಫೆಡರಲ್ ಅನುದಾನ ಬೇಡ ಅಂತು ರಾಜ್ಯ, ಆಮೇಲೆ ಸ್ವಂತದ್ದು ಸುಮಾರು 90 ಲಕ್ಷ ಡಾಲರ್ ಹಾಕಬೇಕಾಯ್ತು. ಬೇಸಿಗೆ ರಜೆಯಲ್ಲಿ ಮಗುವಿಗೆ 120 ಡಾಲರ್ ಊಟದ ಕಾರ್ಡು ಕೊಡೋ ಯೋಜನೆಗೆ 2024ರಲ್ಲಿ ಸೇರಿ 2025ಕ್ಕೆ ಹೊರಗೆ ಬಂತು. ಅಲ್ಲಿ ಊಟದ ದುಡ್ಡು ಪೂರ್ತಿ ಫೆಡರಲ್, ರಾಜ್ಯ ಕೊಡಬೇಕಿದ್ದು ಆಡಳಿತ ಖರ್ಚಿನ ಅರ್ಧ ಅಷ್ಟೇ.

ಇದೇ ರಾಜ್ಯ ಬಡ ಕುಟುಂಬಗಳ ಟ್ಯಾನ್‌ಫ್ ನೆರವಿನ ದುಡ್ಡನ್ನ ಖರ್ಚೇ ಮಾಡದೆ ಪೇರಿಸಿಟ್ಟು, 2019ರ ಹೊತ್ತಿಗೆ ಅದು 73 ಕೋಟಿ ಡಾಲರ್ ದಾಟಿತ್ತು. ಬೇಡ ಅನ್ನಲಿಲ್ಲ, ಬಳಸಲೂ ಇಲ್ಲ.

ಮಂಡ್ಯ_ಮಾಸ್ತರ್:
ತಾನೂ ತಿನ್ನ, ಪರರಿಗೂ ಕೊಡ. (ಇದು ವಿಷಯಾಂತರ ಅಲ್ಲ ತಾನೇ?)

ಬಯಲುಸೀಮೆ_ಭಟ್ಟ:
ಗವರ್ನರ್ ಬೇಡ ಅಂದು ಶಾಸಕಾಂಗ ಬೇಕು ಅಂದ್ರೆ?

ಪಾಯಿಂಟ್_ಆಫ್_ಆರ್ಡರ್:
2009ರ ಸೌತ್ ಕೆರೊಲಿನಾ. ಆರ್ಥಿಕ ಉತ್ತೇಜನ ಕಾಯ್ದೆಯ ಸುಮಾರು 70 ಕೋಟಿ ಡಾಲರ್ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ಬೇಡ ಅಂದ್ರು, ಶಾಸಕಾಂಗ ಬಜೆಟ್ಟಲ್ಲಿ ಸೇರಿಸ್ತು. ಜೂನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅರ್ಜಿ ಹಾಕಿ ಅಂತ ಗವರ್ನರಿಗೇ ಆದೇಶ ಕೊಡ್ತು, ಹಾಕಿದ್ರು. ಟೆನೆಸ್ಸಿಯಲ್ಲಿ ಆ ಜಗಳವೇ ಇಲ್ಲ, ಎರಡೂ ಸದನ, ಗವರ್ನರ್ ಒಂದೇ ಪಕ್ಷ. ಆದ್ರೂ ಆಗಲಿಲ್ಲ ಅನ್ನೋದೇ ನೋಡಬೇಕಾದ್ದು.

ಹುಬ್ಬಳ್ಳಿ_ಹುರಿಗಾಳು:
ಆಗಲಿಲ್ಲ ಅಂದ್ರ ವಿಚಾರ ತಪ್ಪು ಅಂತಲ್ರೀ. 2025ರ ಜುಲೈ 1ಕ್ಕ ಬರಬೇಕಿದ್ದ ಆರುನೂರು ಕೋಟಿ ಡಾಲರಿಗೂ ಮಿಕ್ಕಿ ದುಡ್ಡು ವಾಷಿಂಗ್ಟನ್ ಇಡೀ ದೇಶಕ್ಕ ತಡದಿಟ್ಟು, ತಿಂಗಳ ಕೊನೀಗೆ ಬಿಟ್ಟಿತು. ಟೈಟಲ್ ಟೂ, ತ್ರೀ ಎಲ್ಲಾ ಅದರಾಗ ಇದ್ವು. ಶಾಲಿ ಆಗಸ್ಟಿನಾಗ ಚಾಲೂ, ಜುಲೈದಾಗ ಮಂದೀನ ತಗೊಳ್ಳೂದು ಹೆಂಗ? ಇಂಥಾ ದುಡ್ಡಿನ ಮ್ಯಾಲೆ ಕಾಯಂ ಹುದ್ದಿ ಕಟ್ಟಬಾರದು ಅನ್ನೂದರಾಗ ಹುರುಳೈತಿ.

ಕಡತ_ಕಮಲ:
ಇದು ನ್ಯಾಯವಾದ ಮಾತು. ಅದಕ್ಕೇ ಎಷ್ಟೋ ಕಡೆ ಇಂಥ ಹುದ್ದೆಗಳನ್ನ ಅನುದಾನ ಇರೋ ತನಕ ಅಂತ ಒಂದೊಂದೇ ವರ್ಷಕ್ಕೆ ತುಂಬೋದು. ಆದರೆ ಸೆಕ್ಸ್ಟನ್ ವಾದ ಕೊನೆಗೆ ಎಡವಿದ್ದು ಎಲ್ಲಿ ಗೊತ್ತಾ? 2025ರ ಏಪ್ರಿಲಲ್ಲಿ. ದಾಖಲೆ ಇಲ್ಲದ ವಲಸಿಗರ ಮಕ್ಕಳಿಗೆ ಶುಲ್ಕ ಹಾಕೋಕೆ ಅಥವಾ ಸೇರಿಸದೇ ಇರೋಕೆ ಜಿಲ್ಲೆಗಳಿಗೆ ಅವಕಾಶ ಕೊಡೋ ಮಸೂದೆ, ಸೆನೆಟ್ಟಲ್ಲಿ ಬೋ ವಾಟ್ಸನ್, ಕೆಳಮನೆಯಲ್ಲಿ ಬಹುಮತ ನಾಯಕ ವಿಲಿಯಂ ಲ್ಯಾಂಬರ್ತ್ ತಂದಿದ್ದು. ಸೆನೆಟ್ 19-13ರಲ್ಲಿ ಪಾಸು ಮಾಡ್ತು. ಶಾಸಕಾಂಗದ್ದೇ ಹಣಕಾಸು ಟಿಪ್ಪಣಿಯಲ್ಲಿ ಒಂದು ಸಾಲು ಇತ್ತು: ಇದರಿಂದ 110 ಕೋಟಿ ಡಾಲರ್ ಫೆಡರಲ್ ಶಿಕ್ಷಣ ಹಣಕ್ಕೆ ಕುತ್ತು ಬರಬಹುದು. ಸೆಕ್ಸ್ಟನ್ ಅವರೇ ಸ್ಪೀಕರ್ ಆಗಿರೋ ಕೆಳಮನೆಯಲ್ಲಿ ಮಸೂದೆ ನಿಂತುಹೋಯ್ತು, ದುಡ್ಡು ಹೋಗುತ್ತಾ ಇಲ್ವಾ ಅಂತ ಮೊದಲು ವಾಷಿಂಗ್ಟನ್ನಿಂದ ಸ್ಪಷ್ಟನೆ ಬರಲಿ ಅಂತ.

ಸುಮ್ನೆ_ಓದುಗ:
ಎರಡು ವರ್ಷದ ಹಿಂದೆ 180 ಕೋಟಿ ಬೇಡ, ಈಗ 110 ಕೋಟಿ ಹೋದ್ರೆ ಕಷ್ಟ!

ಹುಬ್ಬಳ್ಳಿ_ಹುರಿಗಾಳು:
ಅವರು ತುಂಬತೀವಿ ಅಂದಿದ್ರು, ಹಂಗ ಕಳಕೋತೀವಿ ಅಂದಿದ್ದಿಲ್ಲ. ಎರಡೂ ಬ್ಯಾರೆ. ಆದ್ರ ಹೌದು, ನೋಡೂವರಿಗೆ ಛಲೋ ಕಾಣಂಗಿಲ್ಲ.

ಅಡುಗೆಮನೆ_ಲೆಕ್ಕ:
ಮೇಲೆ ಉಚಿತ ಊಟದ ಬಗ್ಗೆ ಬರೆದದ್ದಕ್ಕೆ ಒಂದು ಸೇರ್ಪಡೆ. ಫುಡ್ ಸ್ಟ್ಯಾಂಪ್‌ನಂಥ (ಬಡವರಿಗೆ ಆಹಾರದ ನೆರವು) ಪಟ್ಟಿಗಳಿಂದ ಅರ್ಜಿ ಇಲ್ಲದೆ ಗುರುತಾಗೋ ಮಕ್ಕಳು ಶೇ. 25 ಮುಟ್ಟಿದ ಶಾಲೆ ಎಲ್ಲರಿಗೂ ಉಚಿತ ಊಟ ಕೊಡಬಹುದು. 2023ರ ತನಕ ಅದು ಶೇ. 40 ಇತ್ತು. ಗುರುತಾದವರ ಪ್ರಮಾಣವನ್ನ 1.6ರಿಂದ ಗುಣಿಸಿ, ಅಷ್ಟು ಊಟಕ್ಕೆ ಮಾತ್ರ ಪೂರ್ತಿ ದರ. ಶೇ. 40 ಇದ್ದರೆ ನೂರರಲ್ಲಿ 64 ಊಟಕ್ಕೆ ಪೂರ್ತಿ, ಉಳಿದ 36ಕ್ಕೆ ಚಿಲ್ಲರೆ. ಶೇ. 62.5 ಮುಟ್ಟಿದ್ರೆ ನೂರಕ್ಕೆ ನೂರು.

ಕರಾವಳಿ_ಕಪ್ಪೆಚಿಪ್ಪು:
ಅಂದ್ರೆ ಬರೀ ಶೇ. 25 ಇರೋ ಶಾಲೆಗೆ 40 ಊಟಕ್ಕಷ್ಟೇ ಪೂರ್ತಿ ದರ. ಉಳಿದ 60ರ ಕೊರತೆ ಯಾರು ತುಂಬೋದು?

ಅಡುಗೆಮನೆ_ಲೆಕ್ಕ:
ಫೆಡರಲ್ ಅಲ್ಲದ ದುಡ್ಡಿಂದ ಜಿಲ್ಲೆಯವರೇ ತುಂಬಬೇಕು. ಅದಕ್ಕೇ ಅವಕಾಶ ಇದ್ರೂ ಶೇ. 25ರ ಹತ್ತಿರ ಇರೋ ಶಾಲೆಗಳು ಸೇರೋಕೆ ಮೀನಮೇಷ ಎಣಿಸೋದು.